ಹೆಸರಾದ ಬೆಕ್ಕುಗಳು, ಹೆಸರಿಲ್ಲದ ಬೆಕ್ಕುಗಳು

ಕೋಲಾರ ಸೀಮೆಯಲ್ಲಿ ಕನ್ನಡವೂ ತೆಲುಗೂ ಒಂದೇ ಜಗಲಿಯ ಮೇಲೆ ಕುಳಿತು ಮಾತನಾಡುತ್ತವೆ. ಶ್ರೀನಿವಾಸಪುರದ ಅಜ್ಜಿಯ ಕಥೆಯಲ್ಲಿ ‘ಪಿಲ್ಲಿ’ಯಾಗಿ ಬರುವ ಪ್ರಾಣಿಯೇ ಮಾಲೂರಿನ ಅಜ್ಜಿಯ ಕಥೆಯಲ್ಲಿ ‘ಬೆಕ್ಕು’. ಎರಡು ನುಡಿಗಳಿಗೂ ಸೇರಿದ ಕಥೆಗಳಲ್ಲಿ ತೆನ್ನಾಲಿ ರಾಮಕೃಷ್ಣನ ಬೆಕ್ಕಿನ ಕಥೆಗೆ ಮೊದಲ ಮಣೆ. 1509ರಿಂದ 1529ರವರೆಗೆ ಆಳಿದ ಕೃಷ್ಣದೇವರಾಯನ ರಾಜ್ಯದಲ್ಲಿ ಇಲಿಗಳ ಕಾಟ ಹೆಚ್ಚಿತಂತೆ. ಮನೆಗೊಂದು ಬೆಕ್ಕು, ಅದಕ್ಕೆ ಹಾಲು ಕುಡಿಸಲು ಒಂದು ಹಸು ಎಂದು ಅರಸು ಹಂಚಿದನಂತೆ. ರಾಮಕೃಷ್ಣನು ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಟ್ಟನು. ಬಾಯಿ ಸುಟ್ಟುಕೊಂಡ ಆ ಪ್ರಾಣಿ ಮುಂದೆ ಹಾಲನ್ನು ಕಂಡರೆ ಓಡತೊಡಗಿತು. ಹಸುವಿನ ಹಾಲೆಲ್ಲ ಮನೆಯವರ ಪಾಲಾಯಿತು.

ಇದು ಇತಿಹಾಸವಲ್ಲ, ಕಟ್ಟುಕಥೆ. ಆದರೆ ವಿಜಯನಗರದ ಕಾಲದಲ್ಲಿ ಒಂದು ರಾಜ್ಯಭಾಗದ ಆಡಳಿತ ಕೇಂದ್ರವಾಗಿದ್ದ ಮುಳಬಾಗಿಲಿನ ನೆಲದಲ್ಲಿ ನಿಂತು ಈ ಕಥೆಯನ್ನು ಮತ್ತೊಮ್ಮೆ ಕೇಳಿದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಆಸ್ಥಾನದಲ್ಲಿ ಬೆಕ್ಕುಗಳ ಪರೀಕ್ಷೆ ನಡೆದಾಗ ಅರಸನು ನೋಡಿದ್ದು ಯಾವ ಬೆಕ್ಕು ಎಷ್ಟು ಕೊಬ್ಬಿದೆ ಎಂಬುದನ್ನು. ಅದು ಎಷ್ಟು ಇಲಿ ಹಿಡಿಯಿತೆಂದು ಕೇಳಿದವರಿಲ್ಲ. ಇಲಿಗಾಗಿ ಹೂಡಿದ ಯೋಜನೆಯಲ್ಲಿ ಇಲಿಯೇ ಮರೆತುಹೋಯಿತು. ಜನ ಐನೂರು ವರ್ಷಗಳಿಂದ ನಗುತ್ತಿರುವುದು ರಾಮಕೃಷ್ಣನ ಜಾಣತನಕ್ಕೆ. ಬಾಯಿ ಸುಟ್ಟುಕೊಂಡ ಬೆಕ್ಕಿಗೆ ಕಥೆಯಲ್ಲಿ ಒಂದು ಹೆಸರು ಕೂಡ ಇಲ್ಲ.

ಚರಿತ್ರೆಯಲ್ಲಿ ಹೆಸರಾದ ಬೆಕ್ಕುಗಳ ಪಾಡೂ ಬಹುಮಟ್ಟಿಗೆ ಹೀಗೆಯೇ. ಮನುಷ್ಯನು ತನಗೆ ಬೇಕಾದಾಗ ಬೆಕ್ಕನ್ನು ವೀರನನ್ನಾಗಿಸುತ್ತಾನೆ, ಬೇಡವಾದಾಗ ಕೊಲೆಗಾರನನ್ನಾಗಿಸುತ್ತಾನೆ. ಇವೆರಡರ ನಡುವೆ ಬೆಕ್ಕು ನಿಸರ್ಗದಲ್ಲಿ ನಿಜವಾಗಿ ಮಾಡುವ ಕೆಲಸವೇನು, ಅದನ್ನು ಎಲ್ಲಿಡಬೇಕು, ಎಲ್ಲಿಡಬಾರದು ಎಂಬ ವಿವೇಚನೆ ತಪ್ಪಿಹೋಗುತ್ತದೆ. ಬೆಟ್ಟದ ಬುಡದಲ್ಲಿ ಬದುಕುವ ಜನರಿಗೆ ಈ ವಿವೇಚನೆ ಹರಟೆಯ ವಿಷಯವಲ್ಲ. ಅವರ ಕಣಜ, ಹುಳುಮನೆ ಮತ್ತು ಬೆಟ್ಟ ಮೂರೂ ಅದಕ್ಕೆ ತಳುಕು ಹಾಕಿಕೊಂಡಿವೆ.

ಮನುಷ್ಯನಿಗೂ ಬೆಕ್ಕಿಗೂ ಇರುವ ನಂಟಿನ ಅತಿ ಹಳೆಯ ಸಾಕ್ಷಿಗಳಲ್ಲೊಂದು ಸೈಪ್ರಸ್ ದ್ವೀಪದಲ್ಲಿದೆ. ಅಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಹೂಳಿದ್ದ ಬೆಕ್ಕಿನ ಅಸ್ಥಿಪಂಜರ ದೊರೆತ ವಿಷಯ 2004ರಲ್ಲಿ ಪ್ರಕಟವಾಯಿತು. ಆ ದ್ವೀಪಕ್ಕೆ ಬೆಕ್ಕು ಸ್ಥಳೀಯ ಪ್ರಾಣಿಯಲ್ಲ. ಯಾರೋ ದೋಣಿಯಲ್ಲಿ ಕರೆತಂದಿರಬೇಕು. ಮನುಷ್ಯ ಧಾನ್ಯ ಬೆಳೆದು ಕೂಡಿಡಲು ಕಲಿತ ಮೇಲೆ ಧಾನ್ಯಕ್ಕೆ ಇಲಿ ಬಂತು, ಇಲಿಯ ಹಿಂದೆ ಆಫ್ರಿಕದ ಕಾಡುಬೆಕ್ಕು ಬಂತು. ಇಂದಿನ ಮನೆಬೆಕ್ಕುಗಳೆಲ್ಲ ಅದರ ಸಂತತಿ. ಅಂದರೆ ಮನೆಬೆಕ್ಕು ಕಣಜದ ಜೊತೆಗೆ ಹುಟ್ಟಿದ ಪ್ರಾಣಿ. ಕೋಲಾರದ ಬೆಟ್ಟಗಳ ಮೂಲನಿವಾಸಿಯಲ್ಲ.

ರಾಗಿಯನ್ನು ಹಗೇವಿನಲ್ಲಿಟ್ಟು ವರ್ಷಗಟ್ಟಲೆ ಕಾಪಾಡಿದ ನಾಡಿಗೆ ಈ ನಂಟನ್ನು ಬಿಡಿಸಿ ಹೇಳಬೇಕಿಲ್ಲ. ಅದರ ಬೆಲೆ ಇನ್ನಷ್ಟು ತಿಳಿದದ್ದು ಪ್ಲೇಗಿನ ಕಾಲದಲ್ಲಿ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಬೆಂಗಳೂರನ್ನು ಹೊಕ್ಕಿತು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋಂಡ್ ತೋರಿಸಿಕೊಟ್ಟದ್ದೂ ಅದೇ ವರ್ಷ. ಮುಂದೆ ಅಮರಾವತಿಯಲ್ಲಿದ್ದ ಸೇನಾ ವೈದ್ಯಾಧಿಕಾರಿ ಬುಕಾನನ್, ಬೆಕ್ಕುಗಳು ಹೆಚ್ಚಿರುವ ಹಳ್ಳಿಗಳಲ್ಲಿ ಪ್ಲೇಗು ಕಡಿಮೆಯೆಂದು ವಾದಿಸಿ 1908ರಲ್ಲಿ ಬ್ರಿಟಿಷ್ ವೈದ್ಯ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದನು. ಬೆಕ್ಕಿಗೂ ಪ್ಲೇಗು ತಗಲುತ್ತದೆ, ಅದರಿಂದ ಮನುಷ್ಯನಿಗೂ ದಾಟಬಲ್ಲದು ಎಂಬುದು ಇಂದು ತಿಳಿದ ಸಂಗತಿ. ಆದ್ದರಿಂದ ಬೆಕ್ಕೇ ಪ್ಲೇಗಿಗೆ ಮದ್ದೆಂದು ಹೇಳಲಾಗದು. ಆದರೂ ಆ ಲೇಖನದ ಹಿಂದಿನ ನೋಟ ದೊಡ್ಡದು: ರೋಗವನ್ನು ರೋಗಿಯ ಮೈಯಲ್ಲಿ ಮಾತ್ರ ಹುಡುಕದೆ ಊರಿನ ಪ್ರಾಣಿಗಳ ಲೆಕ್ಕದಲ್ಲಿ ಹುಡುಕುವ ನೋಟವದು.

ಇಪ್ಪತ್ತನೆಯ ಶತಮಾನದಲ್ಲಿ ಕೆಲವು ಬೆಕ್ಕುಗಳಿಗೆ ಪದಕ, ಪ್ರತಿಮೆಗಳೂ ದೊರೆತವು. 1949ರಲ್ಲಿ ಚೀನಾದ ಯಾಂಗ್‌ಟ್ಸಿ ನದಿಯಲ್ಲಿ ಸಿಕ್ಕಿಬಿದ್ದ ಬ್ರಿಟಿಷ್ ಯುದ್ಧನೌಕೆ ‘ಅಮೆಥಿಸ್ಟ್’ನಲ್ಲಿ ಸೈಮನ್ ಎಂಬ ಬೆಕ್ಕಿತ್ತು. ಗುಂಡಿನ ದಾಳಿಯಲ್ಲಿ ತಾನೇ ಗಾಯಗೊಂಡಿದ್ದರೂ ಅದು ನಾವಿಕರ ಆಹಾರದ ಉಗ್ರಾಣವನ್ನು ಇಲಿಗಳಿಂದ ಕಾಯಿತು. ಯುದ್ಧಕಾಲದಲ್ಲಿ ಪ್ರಾಣಿಗಳ ಸೇವೆಗೆ ಕೊಡುವ ಡಿಕಿನ್ ಪದಕವನ್ನು ಪಡೆದ ಒಂದೇ ಒಂದು ಬೆಕ್ಕು ಅದು. ಆದರೆ ಆ ವರ್ಷದ ನವೆಂಬರ್‌ನಲ್ಲೇ ಇಂಗ್ಲೆಂಡಿನ ತಡೆವಾಸದಲ್ಲಿ ಸತ್ತಿತು. 1963ರ ಅಕ್ಟೋಬರ್ 18ರಂದು ಫ್ರಾನ್ಸ್ ಅಲ್ಜೀರಿಯದ ಮರುಭೂಮಿಯಿಂದ ಫೆಲಿಸೆಟ್ ಎಂಬ ಹೆಣ್ಣುಬೆಕ್ಕನ್ನು ರಾಕೆಟ್ಟಿನಲ್ಲಿ ಬಾಹ್ಯಾಕಾಶಕ್ಕೆ ಹಾರಿಸಿತು. ಅದು ಜೀವಂತವಾಗಿ ಮರಳಿತು. ಮುಂದೆ ಕೆಲವು ವಾರಗಳಲ್ಲಿ ಮೆದುಳಿನ ಪರೀಕ್ಷೆಗೆಂದು ಅದನ್ನು ಕೊಲ್ಲಲಾಯಿತು. ಅದರ ಕಂಚಿನ ಪ್ರತಿಮೆ ಎದ್ದುನಿಂತದ್ದು 2019ರಲ್ಲಿ.

ಪರಿಸರದ ಮಾತಿಗೆ ಬಂದರೆ ಬೇರೆ ಮೂರು ಪ್ರಸಂಗಗಳು ಹೆಚ್ಚು ಪಾಠ ಕಲಿಸುತ್ತವೆ.

ಮೊದಲನೆಯದು ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದ್ದು. 1894ರಲ್ಲಿ ಅಲ್ಲಿ ದೀಪಸ್ತಂಭ ಉರಿಯತೊಡಗಿತು. ಅದರ ಸಿಬ್ಬಂದಿಯೊಡನೆ ಬೆಕ್ಕೂ ಬಂತು. ಬೇರೆಲ್ಲೂ ಉಳಿದಿರದ, ಹಾರಲಾರದ ಒಂದು ಪುಟ್ಟ ಹಕ್ಕಿ ಆ ದ್ವೀಪದಲ್ಲಿತ್ತು. ಬೆಕ್ಕು ಕಚ್ಚಿತಂದ ಹಕ್ಕಿಗಳನ್ನು ಡೇವಿಡ್ ಲಯಲ್ ಎಂಬ ದೀಪಸ್ತಂಭದ ನೌಕರ ಸಂಗ್ರಹಿಸಿ ಕಳುಹಿಸಿದ್ದರಿಂದಲೇ ಅಂಥ ಹಕ್ಕಿಯಿದೆಯೆಂದು ವಿಜ್ಞಾನಿಗಳಿಗೆ ತಿಳಿದದ್ದು; ತಿಳಿಯುವಷ್ಟರಲ್ಲಿ ಹಕ್ಕಿ ಇಲ್ಲವಾಗಿತ್ತು. ‘ಟಿಬ್ಬಲ್ಸ್ ಎಂಬ ಒಂದೇ ಬೆಕ್ಕು ಒಂದು ಸಂಕುಲವನ್ನೇ ಮುಗಿಸಿತು’ ಎಂಬ ಮಾತು ಲೋಕಪ್ರಸಿದ್ಧವಾಯಿತು. 2004ರಲ್ಲಿ ಗಾಲ್‌ಬ್ರೆತ್ ಮತ್ತು ಬ್ರೌನ್ ಎಂಬ ಸಂಶೋಧಕರು ಹಳೆಯ ಕಾಗದಪತ್ರಗಳನ್ನು ಪರಿಶೀಲಿಸಿ, ಅದು ಒಂದು ಬೆಕ್ಕಿನ ಕೆಲಸವಲ್ಲ, ಕಾಡುಪಾಲಾಗಿ ಬೇಗಬೇಗನೆ ಹೆಚ್ಚಿದ ಹಲವು ಬೆಕ್ಕುಗಳ ಕೆಲಸ ಎಂದು ತೋರಿಸಿದರು. ಟಿಬ್ಬಲ್ಸಿನ ಹೆಸರು ಎಲ್ಲರ ಬಾಯಲ್ಲಿ ಉಳಿಯಿತು; ದ್ವೀಪಕ್ಕೆ ಬೆಕ್ಕನ್ನು ತಂದು, ಅದರ ಸಂತಾನಕ್ಕೆ ಲಗಾಮು ಹಾಕದ ಮನುಷ್ಯರ ತಪ್ಪು ಆ ಹೆಸರಿನ ಮರೆಯಲ್ಲಿ ಅಡಗಿತು.

ಎರಡನೆಯದು ಬೋರ್ನಿಯೊ ದ್ವೀಪದ್ದು. 1950ರ ದಶಕದಲ್ಲಿ ಮಲೇರಿಯಾ ತಡೆಯಲು ಅಲ್ಲಿನ ಸಾರಾವಾಕಿನ ಹಳ್ಳಿಗಳಲ್ಲಿ ಮನೆಮನೆಗೂ ಡಿ.ಡಿ.ಟಿ.ಯಂಥ ಕೀಟನಾಶಕಗಳನ್ನು ಸಿಂಪಡಿಸಲಾಯಿತು. ಸೊಳ್ಳೆಗಳ ಜೊತೆಗೆ ಬೆಕ್ಕುಗಳೂ ಸತ್ತವು, ಇಲಿಗಳು ಹೆಚ್ಚಿದವು. 1960ರಲ್ಲಿ ಬ್ರಿಟಿಷ್ ವಾಯುಪಡೆಯು ಬೆಟ್ಟದ ಮೇಲಿನ ಬಾರಿಯೊ ಎಂಬ ಊರಿಗೆ ಇಪ್ಪತ್ತಕ್ಕೂ ಹೆಚ್ಚು ಬೆಕ್ಕುಗಳನ್ನು ಪ್ಯಾರಾಚೂಟಿನಲ್ಲಿ ಇಳಿಸಿತು. ಬಾಯಿಂದ ಬಾಯಿಗೆ ಹರಿದ ಈ ಸುದ್ದಿ ಬೆಳೆದು ಬೆಕ್ಕುಗಳ ಸಂಖ್ಯೆ ಹದಿನಾಲ್ಕು ಸಾವಿರಕ್ಕೆ ಏರಿತು. ಉತ್ಪ್ರೇಕ್ಷೆಯನ್ನು ತೆಗೆದಿಟ್ಟರೂ ತಿರುಳು ಉಳಿಯುತ್ತದೆ: ವಿಷಕ್ಕೆ ತಾನು ಯಾರನ್ನು ಕೊಲ್ಲಬೇಕು, ಯಾರನ್ನು ಬಿಡಬೇಕು ಎಂಬುದು ತಿಳಿಯದು.

ಮೂರನೆಯದು ಆಸ್ಟ್ರೇಲಿಯದ ಮ್ಯಾಕ್ವಾರಿ ದ್ವೀಪದ್ದು. ಕಡಲಹಕ್ಕಿಗಳನ್ನು ಉಳಿಸಲು ಅಲ್ಲಿನ ಕಾಡುಪಾಲಾದ ಬೆಕ್ಕುಗಳನ್ನೆಲ್ಲ 2000ದ ವೇಳೆಗೆ ನಿರ್ಮೂಲ ಮಾಡಲಾಯಿತು. ಉದ್ದೇಶ ಸರಿಯಾಗಿಯೇ ಇತ್ತು. ಆದರೆ ಬೆಕ್ಕಿಲ್ಲದೆ ಮೊಲಗಳು ಹೆಚ್ಚಿ ಬೆಟ್ಟದ ಹಸಿರನ್ನು ಮೇಯ್ದು ಬೋಳಾಗಿಸಿದವು. ಕೊನೆಗೆ ಮೊಲ, ಇಲಿ, ಸುಂಡಿಲಿಗಳನ್ನೂ ತೆಗೆಯಬೇಕಾಯಿತು. ಆ ಕೆಲಸ ಮುಗಿಯಿತೆಂದು ಘೋಷಿಸಿದ್ದು 2014ರಲ್ಲಿ. ಒಂದು ಎಳೆಯನ್ನು ಎಳೆದವರಿಗೆ ಇಡೀ ಬಟ್ಟೆ ಕೈಗೆ ಬಂದಂತಾಯಿತು.

ಈ ಮೂರೂ ಪಾಠಗಳು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಹಳ್ಳಿಗಳಿಗೆ ನೇರವಾಗಿ ಅನ್ವಯಿಸುತ್ತವೆ. ಇದು ರಾಗಿ, ಮಾವು, ತರಕಾರಿಗಳ ಜೊತೆಗೆ ರೇಷ್ಮೆಯ ಸೀಮೆ. ಹುಳುಮನೆಗೆ ಇರುವೆ, ಹಲ್ಲಿ, ಇಲಿಗಳ ಕಾಟ ಹೊಸದಲ್ಲ. ತಟ್ಟೆಗಳ ಅಟ್ಟಣೆಯ ಕಾಲಿಗೆ ನೀರಿನ ಬಟ್ಟಲಿಟ್ಟು ಇರುವೆಯನ್ನು ತಡೆಯುವ ಜಾಣ್ಮೆ ಹಿರಿಯರಿಗಿತ್ತು. ಇಲಿಗೆ ಮಾತ್ರ ಈಗ ಅಂಗಡಿಯ ಪಾಷಾಣವೇ ಮೊದಲ ಉತ್ತರವಾಗಿದೆ. ವಿಷ ತಿಂದ ಇಲಿ ಎಲ್ಲ ಸಲವೂ ಬಿಲದಲ್ಲೇ ಸಾಯುವುದಿಲ್ಲ. ತೂರಾಡುತ್ತ ಹೊರಬಂದ ಇಲಿಯನ್ನು ಮನೆಬೆಕ್ಕು ಹಿಡಿಯುತ್ತದೆ, ಕಣಜಗೂಬೆ ಹಿಡಿಯುತ್ತದೆ, ಕಾಡುಬೆಕ್ಕು ಹಿಡಿಯುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಹೊಸ ಬಗೆಯ ವಿಷಗಳಂತೂ ತಿಂದ ಪ್ರಾಣಿಯ ಪಿತ್ತಜನಕಾಂಗದಲ್ಲಿ ಬಹುಕಾಲ ಉಳಿಯುತ್ತವೆ. ಹೀಗೆ ರೈತನು ಇಲಿಯ ಜೊತೆಗೆ, ಸಂಬಳವಿಲ್ಲದೆ ಇಲಿ ಹಿಡಿಯುವ ತನ್ನ ಆಳುಗಳನ್ನೂ ಕಳೆದುಕೊಳ್ಳುತ್ತಾನೆ. ಇಲಿಗಳು ಮತ್ತೆ ಹೆಚ್ಚುತ್ತವೆ, ಆಳುಗಳು ಅಷ್ಟು ಬೇಗ ಹೆಚ್ಚುವುದಿಲ್ಲ.

ಇನ್ನೊಂದು ಕಡೆ, ಬೇಡವಾದ ಮರಿಗಳನ್ನು ಚೀಲದಲ್ಲಿ ತುಂಬಿ ಊರಾಚೆಯ ಗುಡ್ಡದ ಬಳಿ ಬಿಟ್ಟುಬರುವ ರೂಢಿ ಹಳ್ಳಿ, ಪೇಟೆ ಎರಡರಲ್ಲೂ ಇದೆ. ಕೊಲ್ಲುವುದು ಪಾಪ, ಬಿಟ್ಟುಬರುವುದು ಪಾಪವಲ್ಲ ಎಂಬ ನಂಬಿಕೆ ಅದರ ಹಿಂದಿದೆ. ಆದರೆ ಬಿಟ್ಟ ಮರಿಗಳಲ್ಲಿ ಬಹುಪಾಲು ಹಸಿವಿನಿಂದಲೋ ನಾಯಿಗಳ ಬಾಯಿಗೋ ಸಾಯುತ್ತವೆ. ಉಳಿದವು ನೆಲದಲ್ಲಿ ಗೂಡು ಕಟ್ಟುವ ಹಕ್ಕಿ, ಓತಿಕೇತ, ಅರಣೆಗಳನ್ನು ತಿಂದು ಬದುಕುತ್ತವೆ. ಕೋಲಾರದ ಅಂತರಗಂಗೆಯಾಗಲಿ, ಮುಳಬಾಗಿಲಿನ ಆವಣಿಯಾಗಲಿ, ಮಾಲೂರಿನ ಟೇಕಲ್ಲಾಗಲಿ, ಬಯಲಿನ ನಡುವೆ ಎದ್ದುನಿಂತ ಕಲ್ಲುಬೆಟ್ಟವೂ ಒಂದು ಬಗೆಯ ದ್ವೀಪವೇ. ಸುತ್ತ ಸಮುದ್ರದ ಬದಲು ಹೊಲ, ಬಡಾವಣೆ, ಹೆದ್ದಾರಿಗಳಿವೆ. ಹಳದಿ ಕೊರಳಿನ ಪಿಕಳಾರದಂಥ ಹಕ್ಕಿ ದಕ್ಷಿಣ ಭಾರತದ ಇಂಥ ಬಂಡೆಗುಡ್ಡಗಳ ಕುರುಚಲು ಕಾಡಿನಲ್ಲಲ್ಲದೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಕಲ್ಲುಗಣಿಗಾರಿಕೆಯಿಂದ, ಬೆಂಕಿಯಿಂದ ಅಳಿದುಳಿದ ಜಾಗದಲ್ಲಿ ಬಿಟ್ಟುಹೋದ ಬೆಕ್ಕು ಮತ್ತೊಂದು ಹೊರೆ.

ಹೆಸರಿಲ್ಲದ ಬೆಕ್ಕುಗಳ ಪೈಕಿ ನಿಜವಾಗಿ ಈ ನೆಲಕ್ಕೆ ಸೇರಿದವು ಕಾಡಿನ ಬೆಕ್ಕುಗಳು. ಉದ್ದ ಕಾಲಿನ, ಕಿವಿಯ ತುದಿಯಲ್ಲಿ ಸಣ್ಣ ಕುಚ್ಚಿರುವ ಕಾಡುಬೆಕ್ಕು ಹೊಲ, ಕೆರೆಯಂಗಳ, ಕುರುಚಲುಗಳಲ್ಲಿ ಇಲಿ ಹಿಡಿದು ಬದುಕುತ್ತದೆ. ಮೈತುಂಬ ಕಂದು ಚುಕ್ಕೆಗಳಿರುವ, ತೂಕ ಒಂದೂವರೆ ಕಿಲೋ ಮೀರುವುದೇ ಅಪರೂಪವಾದ ಚುಕ್ಕೆಬೆಕ್ಕು ಜಗತ್ತಿನ ಅತಿ ಚಿಕ್ಕ ಕಾಡುಬೆಕ್ಕುಗಳಲ್ಲೊಂದು. ಭಾರತ, ನೇಪಾಳ, ಶ್ರೀಲಂಕಾಗಳಲ್ಲಿ ಮಾತ್ರ ಇರುವ ಅದಕ್ಕೆ ಒಣಕಾಡು, ಬಂಡೆಗಳ ಸಂದು ಒಗ್ಗುವ ನೆಲೆ. ಕಬಿನಿಯ ಕರಿಚಿರತೆಯ ಚಿತ್ರ ಲೋಕವನ್ನೆಲ್ಲ ಸುತ್ತಿತು. ಹೊಲದ ಬದುವಿನ ಕಾಡುಬೆಕ್ಕು ಮಾತ್ರ ಕೋಳಿಗಳ್ಳನೆಂಬ ಹೆಸರು ಹೊತ್ತು ಕವೆಗೋಲಿಗೂ ಉರುಲಿಗೂ ಬಲಿಯಾಗುತ್ತಿದೆ. ಎರಡನ್ನೂ ರಕ್ಷಿಸುವುದು ಅದೇ 1972ರ ವನ್ಯಜೀವಿ ಕಾಯ್ದೆ.

ಕೋಳಿ ಕಳೆದುಕೊಂಡ ಮನೆಯ ಹೆಂಗಸಿಗೆ ಈ ಮಾತು ರುಚಿಸದಿರಬಹುದು. ಅವಳ ನಷ್ಟ ಸಣ್ಣದಲ್ಲ. ಎರಡು ಹೇಟೆ ಹೋದರೆ ಸಂತೆಯ ಖರ್ಚು ಹೋಯಿತು. ಆದರೆ ಸಂಜೆಗೆ ಮುಚ್ಚುವ ಗಟ್ಟಿ ಕೋಳಿಗೂಡು ಕಾಡುಬೆಕ್ಕು, ಮುಂಗುಸಿ, ನಾಯಿ ಎಲ್ಲವನ್ನೂ ಒಮ್ಮೆಗೇ ತಡೆಯುತ್ತದೆ. ಉರುಲು ಒಂದನ್ನು ಕೊಂದರೆ ಆ ಜಾಗಕ್ಕೆ ಮತ್ತೊಂದು ಬರುತ್ತದೆ.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಬೆಕ್ಕಳಲೆ ಗ್ರಾಮದಲ್ಲಿ ಬೆಕ್ಕನ್ನು ಮಂಗಮ್ಮ ದೇವಿಯ ರೂಪವೆಂದು ಪೂಜಿಸುತ್ತಾರೆ. ಅದಕ್ಕಾಗಿ ಗುಡಿಗಳೇ ಇವೆ. ಒಂದು ಊರು ಒಂದು ಪ್ರಾಣಿಯನ್ನು ತಲೆಮಾರುಗಳ ಕಾಲ ನೋಯಿಸದೆ ಬಾಳಬಲ್ಲದು ಎಂಬುದಕ್ಕೆ ಅದು ನಿದರ್ಶನ. ಎಲ್ಲ ಊರುಗಳೂ ಗುಡಿ ಕಟ್ಟಬೇಕಿಲ್ಲ. ಪದಕ, ಪ್ರತಿಮೆಗಳೂ ಬೇಡ. ಪ್ರತಿಯೊಂದು ಬೆಕ್ಕನ್ನೂ ಅದರದರ ಜಾಗದಲ್ಲಿಡುವ ಎಚ್ಚರ ಸಾಕು.

ಮನೆಬೆಕ್ಕು ಮನೆಯಲ್ಲಿ, ಕಣಜದ ಬಳಿ ಇರಲಿ. ಬೇಡದ ಮರಿಗಳು ಹುಟ್ಟದಂತೆ ಶಸ್ತ್ರಚಿಕಿತ್ಸೆಯ ಶಿಬಿರ ನಡೆಸಬೇಕೆಂದು ಗ್ರಾಮ ಪಂಚಾಯಿತಿಗಳು ತಾಲ್ಲೂಕಿನ ಪಶು ಆಸ್ಪತ್ರೆಯನ್ನು ಕೇಳಲಿ. ಇಲಿಗೆ ಮೊದಲು ಬೋನು, ಬಿಲ ಮುಚ್ಚುವುದು, ಉಗ್ರಾಣದ ಸಂದು ಕಟ್ಟುವುದು; ವಿಷ ಕೊನೆಯ ಮಾತಾಗಲಿ, ಸತ್ತ ಇಲಿಗಳನ್ನು ಆಳವಾಗಿ ಹೂಳಲಿ. ಕಟಾವಿನ ವೇಳೆ ಹೊಲದಲ್ಲಿ ಕಾಡುಬೆಕ್ಕಿನ ಮರಿಗಳು ಕಂಡರೆ ಮುದ್ದಿಗೆಂದು ಮನೆಗೆ ತರದೆ ಅಲ್ಲಿಯೇ ಬಿಡಲಿ. ತಾಯಿ ಸಾಮಾನ್ಯವಾಗಿ ಇರುಳಿನಲ್ಲಿ ಬಂದು ಒಯ್ಯುತ್ತದೆ. ಬಾರದಿದ್ದರೆ ಅರಣ್ಯ ಇಲಾಖೆಗೆ ತಿಳಿಸಲಿ. ಶಾಲೆ, ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಊರಿನ ರಸ್ತೆಗಳಲ್ಲಿ ಸತ್ತುಬಿದ್ದ ಕಾಡುಬೆಕ್ಕುಗಳನ್ನು, ಬೆಟ್ಟದಲ್ಲಿ ಕಂಡ ಹೆಜ್ಜೆಗಳನ್ನು ದಿನಾಂಕ ಮತ್ತು ಸ್ಥಳದೊಡನೆ ಒಂದು ಪುಸ್ತಕದಲ್ಲಿ ಬರೆದಿಡಲಿ. ಸ್ಟೀಫನ್ಸ್ ದ್ವೀಪದ ಹಕ್ಕಿ ಇದ್ದಾಗ ಅದನ್ನು ಬರೆದಿಟ್ಟವರಿರಲಿಲ್ಲ; ಹೋದ ಮೇಲೆ ಕಥೆ ಕಟ್ಟಿದವರು ಬಹಳ.

ಅರಸನ ಯೋಜನೆಯಲ್ಲಿ ಇಲಿ ಮರೆತುಹೋದಂತೆ ಬೆಟ್ಟ ಉಳಿಸುವ ಮಾತಿನಲ್ಲಿ ಬೆಟ್ಟದ ಸಣ್ಣ ಜೀವಗಳು ಮರೆತುಹೋಗಬಾರದು. ಒಮ್ಮೆ ಬಾಯಿ ಸುಟ್ಟುಕೊಂಡ ಬೆಕ್ಕು ಮತ್ತೆ ಹಾಲಿನ ಬಳಿ ಸುಳಿಯಲಿಲ್ಲ. ವಿಷದಿಂದಲೂ ಅಲಕ್ಷ್ಯದಿಂದಲೂ ಹಲವು ಸಲ ಕೈ ಸುಟ್ಟುಕೊಂಡ ಮನುಷ್ಯನು ಅಷ್ಟಾದರೂ ಕಲಿಯಬೇಡವೇ?