ರೆಟ್ರೋ ಮೀಟಿಂಗಿನಲ್ಲಿ ಆಟ ಆಡಿಸಿದರೆ ತಂಡ ಮನಸ್ಸು ಬಿಚ್ಚಿ ಮಾತಾಡುತ್ತದೆಯೇ?

ಟೀಮಿನ ರೆಟ್ರೋಸ್ಪೆಕ್ಟಿವ್ ಮೀಟಿಂಗ್ ಬೋರ್ ಆಗಿದೆಯೇ? ಆಟ ಆಡಿಸಿ, ಎಲ್ಲರೂ ಮಾತಾಡುತ್ತಾರೆ. ಐಟಿ ಕೆಲಸದಲ್ಲಿರುವವರ ವಾಟ್ಸಾಪ್ ಗುಂಪುಗಳಲ್ಲಿ ನೀವೂ ಇಂಥ ಸಲಹೆ ನೋಡಿರಬಹುದು. ಇದರಲ್ಲಿ ಎಷ್ಟು ನಿಜವಿದೆ ಎಂದು ನೋಡೋಣ.

ಚುಟುಕಾಗಿ ಹೇಳುವುದಾದರೆ, ಇದು ಅರ್ಧ ಸತ್ಯ. ಆಟದಿಂದ ಮಾತು ಶುರುವಾಗುತ್ತದೆ. ಅದು ಮುಂದುವರಿಯುವುದು, ಮಾತಾಡಿದವರಿಗೆ ಆಮೇಲೆ ಏನಾಯಿತು ಎಂಬುದರ ಮೇಲೆ.

ರೆಟ್ರೋಸ್ಪೆಕ್ಟಿವ್ ಎಂದರೇನು?

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಸೇರಿದ್ದ 17 ಮಂದಿ ಸಾಫ್ಟ್‌ವೇರ್ ತಜ್ಞರು 'ಅಜೈಲ್ ಪ್ರಣಾಳಿಕೆ' ರೂಪಿಸಿದರು. ಅದರ 12 ತತ್ವಗಳಲ್ಲಿ ಕೊನೆಯದರ ಸಾರ ಇಷ್ಟು: ತಂಡ ಆಗಾಗ ತನ್ನ ಕೆಲಸದ ರೀತಿಯನ್ನು ತಾನೇ ನೋಡಿಕೊಂಡು ತಿದ್ದಿಕೊಳ್ಳಬೇಕು. ಅದಕ್ಕಾಗಿ ಇರುವ ಮೀಟಿಂಗೇ ರೆಟ್ರೋಸ್ಪೆಕ್ಟಿವ್. ಸ್ಕ್ರಮ್ ಪದ್ಧತಿಯಲ್ಲಿ ಪ್ರತಿ ಸ್ಪ್ರಿಂಟ್ ಕೊನೆಗೆ ಇದು ನಡೆಯುತ್ತದೆ. ಒಂದು ತಿಂಗಳ ಸ್ಪ್ರಿಂಟ್‌ಗೆ ಹೆಚ್ಚೆಂದರೆ 3 ಗಂಟೆ.

ಎರಡು ವಾರಕ್ಕೊಮ್ಮೆ ಅವೇ ಪ್ರಶ್ನೆಗಳನ್ನು ಕೇಳಿದರೆ ಉತ್ತರವೂ ಅದೇ ಬರುತ್ತದೆ: "ಎಲ್ಲಾ ಓಕೆ".

ಆಟದಿಂದ ಏನು ಲಾಭ?

ಲ್ಯೂಕ್ ಹೋಮನ್ ಅವರ 'ಇನೊವೇಶನ್ ಗೇಮ್ಸ್' (2006) ಪುಸ್ತಕದಲ್ಲಿ 'ಸ್ಪೀಡ್ ಬೋಟ್' ಎಂಬ ಆಟವಿದೆ. ಉತ್ಪನ್ನವೇ ದೋಣಿ, ಗ್ರಾಹಕರಿಗೆ ಇಷ್ಟವಾಗದ ಅಂಶಗಳು ಅದನ್ನು ಹಿಡಿದಿಟ್ಟ ಲಂಗರುಗಳು. ರೆಟ್ರೋಗಳಲ್ಲಿ ಬಳಸುವ ಹಾಯಿದೋಣಿ ಆಟವೂ ಇದೇ ಬಗೆಯದು. ನಮಗೆ ಬಾಲ್ಯದಿಂದ ಗೊತ್ತಿರುವ ಹಾವು-ಏಣಿಯನ್ನೂ ಹೀಗೆ ಆಡಬಹುದು. ಕೆಲಸವನ್ನು ಮೇಲೆತ್ತಿದ್ದು ಏಣಿ, ಕೆಳಗೆ ತಳ್ಳಿದ್ದು ಹಾವು.

"ನಿನ್ನಿಂದ ತಡವಾಯಿತು" ಎನ್ನುವುದಕ್ಕಿಂತ "72ನೇ ಮನೆಯಲ್ಲಿ ಹಾವಿತ್ತು" ಎನ್ನುವುದು ಸುಲಭ. ಬೆರಳು ವ್ಯಕ್ತಿಯ ಕಡೆಗಲ್ಲ, ಹಲಗೆಯ ಕಡೆಗೆ ಹೋಗುತ್ತದೆ.

ಆಡಿಸುವುದು ಹೇಗೆ?

1. ಮೊದಲ ಹತ್ತು ನಿಮಿಷ ಎಲ್ಲರೂ ಮೌನವಾಗಿ, ಹೆಸರು ಹಾಕದೆ ಚೀಟಿ ಬರೆಯಲಿ. ಸೀನಿಯರ್ ಮೊದಲು ಮಾತಾಡಿದರೆ ಉಳಿದವರು ತಲೆಯಾಡಿಸಿ ಸುಮ್ಮನಾಗುತ್ತಾರೆ.
2. ಹಾವಿಗೆ ಘಟನೆಯ ಹೆಸರಿಡಿ, ವ್ಯಕ್ತಿಯದ್ದಲ್ಲ. "ಟೆಸ್ಟ್ ಸರ್ವರ್ ಎರಡು ದಿನ ಕೆಟ್ಟಿತ್ತು" ಎಂದು ಬರೆಯಿರಿ.
3. ಒಂದೇ ಬಗೆಯ ಚೀಟಿಗಳನ್ನು ಒಟ್ಟುಗೂಡಿಸಿ. ಮೊದಲು ಯಾವ ಹಾವನ್ನು ಹಿಡಿಯಬೇಕೆಂದು ಎಲ್ಲರೂ ವೋಟು ಹಾಕಲಿ.
4. ಒಂದೋ ಎರಡೋ ಕೆಲಸ ಆರಿಸಿ. ಯಾರು ಮಾಡುತ್ತಾರೆ, ಯಾವಾಗ ಮುಗಿಯುತ್ತದೆ ಎಂದು ಬರೆದಿಡಿ. ಮುಂದಿನ ರೆಟ್ರೋ ಆ ಚೀಟಿಯಿಂದಲೇ ಶುರುವಾಗಲಿ.

ಅಂಕ, ಬಹುಮಾನ, ಸೋಲು-ಗೆಲುವು ಬೇಡ. ಅಂಕ ಬಂದ ಕೂಡಲೇ ಜನ ಗೆಲ್ಲಲು ಆಡುತ್ತಾರೆ, ನಿಜ ಹೇಳಲು ಅಲ್ಲ.

ಆಟ ಸೋಲುವುದು ಎಲ್ಲಿ?

ಚೀಟಿಯಲ್ಲಿ ಬರೆದ ಮಾತು ಅಪ್ರೈಸಲ್ ದಿನ ತಿರುಗಿ ಬಂದರೆ, ಮುಂದಿನ ಸಲ ಹಲಗೆ ತುಂಬಾ ಏಣಿಗಳೇ ಇರುತ್ತವೆ. ಇದನ್ನು ಅರಿಯಲು ಏಮಿ ಎಡ್ಮಂಡ್ಸನ್ ಅವರ ಅಧ್ಯಯನ ನೆರವಾಗುತ್ತದೆ. ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅವರು ಪರಿಶೀಲಿಸಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕೆಂದು ನಿರೀಕ್ಷಿಸಿದ್ದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಉಲ್ಟಾ ಇತ್ತು: ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು. ಅವರು ಕಂಡುಕೊಂಡ ಕಾರಣ, ಆ ತಂಡಗಳು ತಪ್ಪನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಿದ್ದವು. ಭಯವಿಲ್ಲದೆ ಮಾತಾಡುವ ಈ ವಾತಾವರಣವನ್ನು 1999ರ ಪ್ರಬಂಧದಲ್ಲಿ ಅವರು 'ಮಾನಸಿಕ ಸುರಕ್ಷತೆ' ಎಂದು ವಿವರಿಸಿದರು.

ಹಾಗಾಗಿ ಹಲಗೆಯ ಮೇಲೆ ಹಾವು ಹೆಚ್ಚಿದ್ದ ಮಾತ್ರಕ್ಕೆ ತಂಡ ಕೆಟ್ಟದ್ದಲ್ಲ. ಒಂದೂ ಹಾವಿಲ್ಲದ ಹಲಗೆ ಕಂಡರೆ, ಹೇಳಲು ಯಾರು ಹೆದರುತ್ತಿದ್ದಾರೆ ಎಂದು ಕೇಳಿಕೊಳ್ಳಬೇಕು.

ಫಾರ್ವರ್ಡ್ ಮಾಡುವ ಮುನ್ನ

ಆಟ ಆಡಿಸಿ ಎಂಬ ಸಲಹೆಯನ್ನು ಧಾರಾಳವಾಗಿ ಹಂಚಿಕೊಳ್ಳಿ. ಜೊತೆಗೆ ಇನ್ನೊಂದು ಸಾಲು ಸೇರಿಸಿ: ಹಿಂದಿನ ಸಲ ಹಿಡಿದ ಹಾವನ್ನು ಏನು ಮಾಡಿದಿರಿ ಎಂದು ತಂಡಕ್ಕೆ ಮೊದಲು ತಿಳಿಸಿ, ಆಮೇಲೆ ದಾಳ ಉರುಳಿಸಿ.