ಸೊನ್ನೆ ತುಂಬಿದ ಪುಟ

ಬೆಂಗಳೂರಿನ ಸಾರಕ್ಕಿ ಮಾರುಕಟ್ಟೆಯಲ್ಲಿ ಸೊಪ್ಪು ಕೊಂಡವರು ಫೋನಿನಿಂದ ಹಣ ಪಾವತಿಸುವಾಗ ಒತ್ತುವ ಗುಪ್ತ ಸಂಖ್ಯೆ ಕ್ಷಣಕಾಲವಾದರೂ ಆ ಫೋನಿನ ಮೆಮೊರಿಯಲ್ಲಿ ಇರುತ್ತದೆ. ಆ್ಯಪ್ ಮುಚ್ಚಿದ ಮೇಲೆ ಅದೇ ಜಾಗ ಬೇರೊಂದು ಆ್ಯಪ್‌ನ ಪಾಲಾಗಬಹುದು. ಆಪರೇಟಿಂಗ್ ಸಿಸ್ಟಂ ಸಾಮಾನ್ಯವಾಗಿ ಜಾಗ ತೆರವಾಯಿತೆಂದು ಲೆಕ್ಕದಲ್ಲಿ ಗುರುತಿಸಿಕೊಳ್ಳುತ್ತದೆಯೇ ಹೊರತು ಅಲ್ಲಿ ಬರೆದದ್ದನ್ನು ಆಗಲೇ ಅಳಿಸುವುದಿಲ್ಲ. ಅಳಿಸುವ ಕೆಲಸ ನಡೆಯುವುದು ಆ ಜಾಗವನ್ನು ಮತ್ತೊಂದು ಪ್ರೋಗ್ರಾಂಗೆ ಒಪ್ಪಿಸುವ ಮುನ್ನ, ಅದರ ತುಂಬ ಸೊನ್ನೆ ಬರೆಯುವ ಮೂಲಕ.

ಈ ಕೆಲಸದ ಮಹತ್ವವನ್ನು ಬೆಂಗಳೂರಿನದೇ ಯಂತ್ರವೊಂದು ಚೆನ್ನಾಗಿ ತೋರಿಸಿಕೊಡುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಸೇರಿ 2001ರಲ್ಲಿ ಮುಂದಿಟ್ಟ ಸಿಂಪ್ಯೂಟರ್ ಎಂಬ ಪುಟ್ಟ ಕಂಪ್ಯೂಟರ್, ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಂಡು ಬಳಸಲಿ, ಅವರವರ ಮಾಹಿತಿ ಅವರವರ ಸ್ಮಾರ್ಟ್ ಕಾರ್ಡಿನಲ್ಲಿರಲಿ ಎಂಬ ಉದಾತ್ತ ಆಶಯದಿಂದ ರೂಪುಗೊಂಡಿತ್ತು. ಕಾರ್ಡನ್ನು ಹೊರತೆಗೆದ ಮಾತ್ರಕ್ಕೆ ಯಂತ್ರದ ಮೆಮೊರಿಗೆ ಬಂದ ಪ್ರತಿ ಅಳಿಯುವುದಿಲ್ಲವಾದ್ದರಿಂದ, ಅದು ಬೇರೆ ಪ್ರೋಗ್ರಾಂಗಳ ಕೈಗೆ ಸಿಗದಂತೆ ಕಾಯುವ ಹೊಣೆ ಅದರ ಲಿನಕ್ಸ್ ಕರ್ನಲ್‌ನದಾಗಿತ್ತು, ಎಂದರೆ ಯಂತ್ರಕ್ಕೂ ಪ್ರೋಗ್ರಾಂಗಳಿಗೂ ನಡುವೆ ನಿಂತು ಆಡಳಿತ ನಡೆಸುವ ತಿರುಳು ಭಾಗದ್ದು. ಇಂದಿನ ಆ್ಯಂಡ್ರಾಯ್ಡ್ ಫೋನುಗಳ ಒಳಗಿರುವುದೂ ಲಿನಕ್ಸ್ ಕರ್ನಲ್ಲೇ.

ಲಿನಕ್ಸ್ ಮೆಮೊರಿಯನ್ನು ಪುಟಗಳಾಗಿ ವಿಭಾಗಿಸುತ್ತದೆ. ಹೆಚ್ಚಿನ ಯಂತ್ರಗಳಲ್ಲಿ ಒಂದು ಪುಟವೆಂದರೆ 4,096 ಬೈಟ್. ಪ್ರೋಗ್ರಾಂ ಜಾಗ ಕೇಳಿದಾಗ ಕರ್ನಲ್ ಮೊದಲು ವಿಳಾಸವನ್ನಷ್ಟೇ ಕೊಟ್ಟು, ಪ್ರೋಗ್ರಾಂ ಅಲ್ಲಿ ಬರೆಯಲು ಹೊರಟ ಗಳಿಗೆಯಲ್ಲಿ ನಿಜವಾದ ಪುಟವೊಂದನ್ನು ಸೊನ್ನೆಗೊಳಿಸಿ ಜೋಡಿಸುತ್ತದೆ. ಬರೆಯದೆ ಬರಿದೆ ಓದುವವರಿಗೆಲ್ಲ ಸೊನ್ನೆ ತುಂಬಿದ ಒಂದೇ ಪುಟವನ್ನು ತೋರಿಸಿ ಶ್ರಮ ಉಳಿಸುತ್ತದೆ. ವಿಂಡೋಸ್ ಸೊನ್ನೆ ಬರೆಯುವ ಕೆಲಸಕ್ಕಾಗಿಯೇ ಅತಿ ಕಡಿಮೆ ಆದ್ಯತೆಯ ಥ್ರೆಡ್ ಒಂದನ್ನು, ಅಂದರೆ ಸ್ವತಂತ್ರವಾಗಿ ಸಾಗುವ ಕಾರ್ಯಸರಣಿಯನ್ನು, ಇಟ್ಟುಕೊಂಡು ಬಿಡುವಿದ್ದಾಗಲೇ ಪುಟಗಳನ್ನು ಅಳಿಸಿಡುವ ವ್ಯವಸ್ಥೆಯನ್ನು ರೂಢಿಸಿತು. ವೇಗದ ಹೆಸರಿನಲ್ಲಿ ಈ ಶ್ರಮವನ್ನೇ ವ್ಯರ್ಥವೆನ್ನುವವರಿದ್ದಾರೆ. ಆದರೆ ಒಂದೇ ಯಂತ್ರದಲ್ಲಿ ಅಪರಿಚಿತರ ಬದುಕು ಒಟ್ಟಿಗೆ ಸಾಗುವಾಗ ಇಲ್ಲಿ ಉಳಿತಾಯ ಮಾಡುವುದು ಸಲ್ಲದು.

ಇಷ್ಟಾದರೂ ಈ ಕಾವಲು ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಪುಟ ದಾಟುವ ಗಡಿಯಲ್ಲಿ ಮಾತ್ರ. ಒಂದೇ ಪ್ರೋಗ್ರಾಂ ತಾನು ಬಿಟ್ಟ ಜಾಗವನ್ನು ತಾನೇ ಮತ್ತೆ ಬಳಸಿದರೆ ಕರ್ನಲ್ ನಡುವೆ ಬರುವುದಿಲ್ಲ: ಪ್ರೋಗ್ರಾಂ ಬರೆಯುವ ಸಿ ಭಾಷೆಯಲ್ಲಿ ಜಾಗ ಕೇಳುವ ಆದೇಶಗಳ ಪೈಕಿ ಮ್ಯಾಲಾಕ್ ಹಳೆಯದನ್ನು ಹಾಗೆಯೇ ಕೊಡಬಹುದು, ಕ್ಯಾಲಾಕ್ ಸೊನ್ನೆ ತುಂಬಿದ ಜಾಗವನ್ನೇ ಕೊಡುತ್ತದೆ. 2014ರಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷದಲ್ಲಿ ಸರ್ವರ್‌ಗಳು ಪ್ರತಿ ಕೋರಿಕೆಗೆ 64 ಕಿಲೋಬೈಟ್‌ವರೆಗೆ ತಮ್ಮದೇ ಮೆಮೊರಿಯನ್ನು ಹೊರಚೆಲ್ಲಿದವು. ಸೋರಿದ್ದು ಅದೇ ಪ್ರೋಗ್ರಾಂನ ಒಳಗಿನಿಂದಾದ ಕಾರಣ ಕರ್ನಲ್ ಬರೆಯುವ ಸೊನ್ನೆಗಳಿಂದ ಅಲ್ಲಿ ಪ್ರಯೋಜನವಿರಲಿಲ್ಲ. ಕರ್ನಲ್ ತನ್ನೊಳಗೂ ಇಂಥ ಎಚ್ಚರ ವಹಿಸಲೆಂದು 2019ರ ಲಿನಕ್ಸ್ 5.3 ಆವೃತ್ತಿಯು ಕರ್ನಲ್‌ನ ಆಂತರಿಕ ಹಂಚಿಕೆಗಳನ್ನು ಕೊಡುವಾಗಲೂ, ಬೇಕೆಂದರೆ ಮರಳಿ ಪಡೆದ ಕೂಡಲೂ ಅಳಿಸುವ ಆಯ್ಕೆಗಳನ್ನು ತಂದಿತು. ಎರಡನೆಯದು ಹೆಚ್ಚು ನಿಧಾನ, ಆದರೆ ತೆರವಾದ ಜಾಗದಲ್ಲಿ ಗುಟ್ಟು ಉಳಿಯುವ ಅವಧಿಯನ್ನು ಮೊಟಕುಗೊಳಿಸುವುದು ಅದೇ.