ಮೂಗಿಗೆ ನೀರು ಹೊಯ್ಯಬೇಡಿ

ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ನನಗೊಂದು ಸಣ್ಣ ಅನುವಾದದ ಕೆಲಸ ಬಂತು. ಎರಡು ಪುಟದ ಕರಪತ್ರ. ತಿಮಿಂಗಿಲವೋ ಡಾಲ್ಫಿನ್ನೋ ಜೀವಂತವಾಗಿ ದಡಕ್ಕೆ ಬಂದು ಬಿದ್ದರೆ ಅಲ್ಲಿರುವವರು ಏನು ಮಾಡಬೇಕು, ಏನು ಮಾಡಬಾರದು ಎಂಬ ಸೂಚನೆಗಳು. ಓದಬೇಕಾದವರು ಕರಾವಳಿಯ ಮೀನುಗಾರರು, ಲೈಫ್‌ಗಾರ್ಡುಗಳು, ಶಾಲೆಯ ಮಕ್ಕಳು.

ನಾನು ಹೀಗೆ ಬರೆದಿದ್ದೆ: ‘ಇದರ ಮೂಗು ನೆತ್ತಿಯ ಮೇಲಿದೆ. ಮೈಗೆ ನೀರು ಹಾಕಿ, ಮೂಗಿಗೆ ಹೊಯ್ಯಬೇಡಿ.’ ಪರಿಶೀಲನೆ ಮುಗಿದು ಬಂದ ಪ್ರತಿಯಲ್ಲಿ ಅದು ‘ಮೀನಿನ ವಾಯುರಂಧ್ರಕ್ಕೆ ನೀರನ್ನು ಸಿಂಪಡಿಸತಕ್ಕದ್ದಲ್ಲ’ ಎಂದಾಗಿತ್ತು. ಇನ್ನೊಂದು ಕಡೆ ನಾನು ‘ಕರು’ ಎಂದು ಬರೆದದ್ದು ‘ಮರಿಮೀನು’ ಆಗಿತ್ತು. ನಾಲ್ಕು ಮೇಲ್ ಬರೆದೆ. ‘ಶಾಸ್ತ್ರೀಯ ಪದ ಇರುವಾಗ ಮೂಗು ಗೀಗು ಚೆನ್ನಾಗಿರುವುದಿಲ್ಲ’ ಎಂಬ ಉತ್ತರ ಬಂತು. ಕರಪತ್ರ ಹಾಗೆಯೇ ಅಚ್ಚಾಯಿತು.

ನಾನಿರುವುದು ಠಾಣೆಯ ವರ್ತಕ ನಗರದಲ್ಲಿ, ಅಮ್ಮನ ಜೊತೆ. ಅಮ್ಮನ ತವರು ಹೊನ್ನಾವರದ ಕಡೆ. ಅಚ್ಚಾದ ಪ್ರತಿಯನ್ನು ಅವಳ ಕೈಗೆ ಕೊಟ್ಟೆ. ಕನ್ನಡಕ ಏರಿಸಿಕೊಂಡು ಓದಿದಳು. “ಮೀನಿಗೆ ನೀರು ಹಾಕೂದು ಬೇಡ ಅಂದ್ರೆ ಹ್ಯಾಂಗೆ? ನೀರಿಲ್ದಿದ್ರೆ ಸಾಯ್ತದಲ್ಲ ಅದು?” ಅಂದಳು.

ಈ ಬರಹ ಹುಟ್ಟಿದ್ದು ಆ ಪ್ರಶ್ನೆಯಿಂದ. ಅಮ್ಮನ ತರ್ಕದಲ್ಲಿ ತಪ್ಪೇನೂ ಇಲ್ಲ. ಮೀನು ಎಂದು ಹೇಳಿದ ಮೇಲೆ ನೀರು ಹಾಕುವುದೇ ಸರಿ. ತಪ್ಪಿದ್ದದ್ದು ನಾವು ಕೊಟ್ಟ ಪದದಲ್ಲಿ.

ಡಾಲ್ಫಿನ್ ನಮ್ಮ ಹಾಗೆ ಶ್ವಾಸಕೋಶದಿಂದ ಉಸಿರಾಡುತ್ತದೆ. ಬಾಯಿಂದ ಉಸಿರೆಳೆದುಕೊಳ್ಳಲು ಅದಕ್ಕೆ ಬರುವುದಿಲ್ಲ, ಇರುವುದು ನೆತ್ತಿಯ ಮೇಲಿನ ಮೂಗೊಂದೇ. ನೀರಿಗಿಳಿದಾಗ ಅದು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ, ಮೇಲೆ ಬಂದಾಗ ತೆರೆಯುತ್ತದೆ. ದಡದಲ್ಲಿ ಬಿದ್ದ ಪ್ರಾಣಿಯ ಮೂಗಿಗೆ ಬಕೆಟ್ಟಿನಿಂದ ನೀರು ಸುರಿಯುವುದೂ ಮಲಗಿದ ರೋಗಿಯ ಮೂಗಿಗೆ ನೀರು ಸುರಿಯುವುದೂ ಒಂದೇ. ಬಲೆಯ ವಿಷಯವೂ ಹೀಗೆಯೇ. ಬಲೆಗೆ ಬಿದ್ದ ಬಂಗುಡೆ ನೀರಿನಿಂದ ಹೊರಗೆ ಬಂದ ಮೇಲೆ ಸಾಯುತ್ತದೆ. ಬಲೆಗೆ ಬಿದ್ದ ಡಾಲ್ಫಿನ್ ನೀರೊಳಗೇ, ಮೇಲೆ ಬರಲಾಗದೆ, ಉಸಿರು ಕಟ್ಟಿ ಸಾಯುತ್ತದೆ. ‘ಡಾಲ್ಫಿನ್ ಮೀನು ಬಲೆಗೆ ಬಿದ್ದು ಸಾವು’ ಎಂಬ ಸುದ್ದಿಯನ್ನು ಓದಿದವರಿಗೆ ಅದು ಮುಳುಗಿ ಸತ್ತಿತು ಎಂದು ಹೊಳೆಯುವುದೇ ಇಲ್ಲ.

ಈ ತೊಡಕು ಕನ್ನಡಕ್ಕೆ ಮಾತ್ರ ಅಂಟಿದ್ದಲ್ಲ. ನಮ್ಮ ಮೇಲಿನ ಮಹಡಿಯ ಹುಡುಗಿಗೆ ಮರಾಠಿಯಲ್ಲಿ ತಿಮಿಂಗಿಲ ಎಂದರೆ ‘ದೇವಮಾಸಾ’, ದೇವರ ಮೀನು. ಹಿಂದಿಯವರು ‘ವ್ಹೇಲ್ ಮಛಲಿ’ ಎನ್ನುತ್ತಾರೆ. ಜರ್ಮನ್ನರ ಆಡುಮಾತಿನಲ್ಲಿ ‘ವಾಲ್‌ಫಿಶ್’ ಇತ್ತು, ಅವರ ವಿಜ್ಞಾನ ಬರಹ ಬಾಲದ ‘ಫಿಶ್’ ಕತ್ತರಿಸಿ ‘ವಾಲ್’ ಎಂದಷ್ಟೇ ಉಳಿಸಿಕೊಂಡಿತು. ನಮ್ಮ ‘ತಿಮಿಂಗಿಲ’ ಸಂಸ್ಕೃತದಿಂದ ಬಂದದ್ದು, ‘ತಿಮಿ’ ಎಂಬ ಮಹಾಮೀನನ್ನೇ ನುಂಗುವಂಥದು ಎಂದು ಅರ್ಥ. ಆ ಪದದ ಬಗ್ಗೆ ನನಗೆ ತಕರಾರಿಲ್ಲ. ಅದರೊಳಗಿನ ಮೀನು ಈಗ ಯಾರ ಕಣ್ಣಿಗೂ ಬೀಳುವುದಿಲ್ಲ. ತಕರಾರಿರುವುದು ನಾವು ಇಂದಿಗೂ ಕೈಯಾರೆ ಅಂಟಿಸುತ್ತಿರುವ ‘ಮೀನು’ ಎಂಬ ಬಾಲದ ಬಗ್ಗೆ.

ಹಾಗಾದರೆ ನಕ್ಷತ್ರಮೀನು, ಜೆಲ್ಲಿಮೀನು? ಅವೂ ಮೀನಲ್ಲವಲ್ಲ ಎಂದು ಕೇಳಬಹುದು. ನಿಜ. ಆದರೆ ಆ ಹೆಸರುಗಳಿಂದ ಯಾವ ಜೀವಕ್ಕೂ ಏಟು ಬೀಳುವುದಿಲ್ಲ. ನಕ್ಷತ್ರಮೀನಿಗೆ ಪ್ರಥಮ ಚಿಕಿತ್ಸೆ ಮಾಡಲು ಹತ್ತಾರು ಜನ ಬಕೆಟ್ ಹಿಡಿದು ಓಡುವುದಿಲ್ಲ. ತಿಮಿಂಗಿಲ ಬಂದರೆ ಇಡೀ ಊರೇ ಓಡುತ್ತದೆ. 2015ರ ಜೂನ್‌ನಲ್ಲಿ ಇಲ್ಲಿಂದ ದಕ್ಷಿಣಕ್ಕೆ, ರಾಯಗಡ ಜಿಲ್ಲೆಯ ರೇವದಂಡಾದಲ್ಲಿ ಸುಮಾರು 42 ಅಡಿಯ ನೀಲಿ ತಿಮಿಂಗಿಲವೊಂದು ಜೀವಂತವಾಗಿ ದಡಕ್ಕೆ ಬಂತು. ಗಂಟೆಗಟ್ಟಲೆ ಹೆಣಗಿದರೂ ಅದನ್ನು ಮರಳಿ ಕಡಲಿಗೆ ತಳ್ಳಲಾಗಲಿಲ್ಲ, ಸತ್ತಿತು. 2016ರ ಜನವರಿಯಲ್ಲಿ ಜುಹೂ ಬೀಚಿಗೆ ಬ್ರೈಡ್ಸ್ ತಿಮಿಂಗಿಲದ ಕಳೇಬರ ಬಂದಾಗ ನೋಡಲು ಜನ ಜಾತ್ರೆಯಂತೆ ಸೇರಿದ್ದರು. ಅದೇ ತಿಂಗಳು ತಮಿಳುನಾಡಿನ ತೂತ್ತುಕುಡಿ ಜಿಲ್ಲೆಯ ಕಡಲತೀರದಲ್ಲಿ ಸುಮಾರು 80 ಪೈಲಟ್ ತಿಮಿಂಗಿಲಗಳು ದಡ ಸೇರಿದವು. ಮೀನುಗಾರರು ಎಳೆದೊಯ್ದು ಬಿಟ್ಟವುಗಳಲ್ಲಿ ಹಲವು ಮತ್ತೆ ದಡಕ್ಕೇ ಬಂದವು. ಈ ಯಾವ ಸಾವಿಗೂ ಪದ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಜನ ಮನಸ್ಸಿಟ್ಟು ನೆರವಿಗೆ ಬರುವ ಜಾಗದಲ್ಲಿ ನಮ್ಮ ಸೂಚನೆ ಅವರಿಗೆ ಅರ್ಥವಾಗುವಂತಿರಬೇಕು.

ಆವತ್ತು ಕರಪತ್ರ ಮಡಚಿಟ್ಟು ಅಮ್ಮ ಇನ್ನೊಂದು ಮಾತು ಹೇಳಿದಳು. “ನಾವು ಇದಕ್ಕೆ ಹಂದಿಮೀನು ಅಂತಿದ್ವು. ಉಸಿರು ಬಿಡೂದು ಕೇಳ್ತಿತ್ತು, ಫುಸ್ ಅಂತ.” ಹಂದಿಮೀನು, ಕಡಲಹಂದಿ: ಎರಡೂ ಕನ್ನಡದಲ್ಲಿ ಇದ್ದ ಹೆಸರುಗಳೇ. ಮಲಯಾಳಿಗಳೂ ‘ಕಡಲ್‌ಪನ್ನಿ’ ಎನ್ನುತ್ತಾರೆ. ಇಂಗ್ಲಿಷಿನ ‘ಪಾರ್ಪಸ್’ ಕೂಡ ಲ್ಯಾಟಿನ್‌ನ ಹಂದಿ ಮತ್ತು ಮೀನು ಸೇರಿ ಆದ ಪದ. ಒಬ್ಬರನ್ನೊಬ್ಬರು ಕೇಳದೆಯೇ ಬೇರೆಬೇರೆ ಕಡಲಿನವರು ಈ ಪ್ರಾಣಿಯಲ್ಲಿ ಹಂದಿಯನ್ನು ಕಂಡಿದ್ದಾರೆ. ದುಂಡು ಮೈ, ಚರ್ಮದಡಿಯ ದಪ್ಪ ಕೊಬ್ಬು, ಉಸಿರಿನ ಸದ್ದು, ಮೊಲೆ, ಹಾಲು ಇವೆಲ್ಲ ದೋಣಿಯಲ್ಲಿದ್ದವರ ಕಣ್ಣಿಗೆ ಬಿದ್ದಿರಬೇಕು.

ಅವರು ಕಂಡದ್ದು ಎಷ್ಟು ಸರಿ ಎಂದು ವಿಜ್ಞಾನ ಬಹಳ ತಡವಾಗಿ ಹೇಳಿತು. ಜಮ್ಮುವಿನ ರಾಜೌರಿ ಜಿಲ್ಲೆಯ ಕಾಲಾಕೋಟ್‌ನಲ್ಲಿ ಸಿಕ್ಕ ಒಂದು ಪಳೆಯುಳಿಕೆಗೆ ಭೂವಿಜ್ಞಾನಿ ಎ. ರಂಗರಾವ್ 1971ರಲ್ಲಿ ‘ಇಂಡೋಹ್ಯೂಸ್’ ಎಂದು ಹೆಸರಿಟ್ಟರು. ಅರ್ಥ, ಭಾರತದ ಹಂದಿ. ಬೆಕ್ಕಿನ ಗಾತ್ರದ, ಸುಮಾರು 4.8 ಕೋಟಿ ವರ್ಷ ಹಿಂದಿನ ಗೊರಸಿನ ಪ್ರಾಣಿ ಅದು. ಅವರು ಸಂಗ್ರಹಿಸಿಟ್ಟಿದ್ದ ಕಲ್ಲುಗಳಲ್ಲಿ ಅದರ ಕಿವಿಯ ಮೂಳೆ ಸಿಕ್ಕಿತು. ಅದರ ದಪ್ಪ ಗೋಡೆ ತಿಮಿಂಗಿಲಗಳ ಕಿವಿಯಲ್ಲಿರುವಂಥದೇ ಎಂದು 2007ರಲ್ಲಿ ಥೆವಿಸನ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ತಿಮಿಂಗಿಲ, ಡಾಲ್ಫಿನ್‌ಗಳು ಹಸು, ಹಂದಿ, ಜಿಂಕೆ, ನೀರಾನೆಗಳಿರುವ ಕುಲಕ್ಕೇ ಸೇರಿದವು. ಇಂದು ಬದುಕಿರುವವುಗಳಲ್ಲಿ ನೀರಾನೆ ಅವಕ್ಕೆ ಅತಿ ಹತ್ತಿರದ ನೆಂಟ. ಅಂದರೆ ‘ಹಂದಿಮೀನು’ ಎಂಬ ಪದದಲ್ಲಿ ‘ಹಂದಿ’ ಸರಿಯಾಗಿತ್ತು. ನಾವು ಸರಿಯಿದ್ದ ಅರ್ಧವನ್ನು ಬಿಟ್ಟು, ‘ಡಾಲ್ಫಿನ್ ಮೀನು’ ಎಂದು ತಪ್ಪಿನ ಅರ್ಧವನ್ನು ಉಳಿಸಿಕೊಂಡಿದ್ದೇವೆ.

ನೆಲದ ಗುರುತು ಮೈಯಲ್ಲೆಲ್ಲ ಇದೆ. ಮೀನು ಬಾಲವನ್ನು ಎಡಬಲಕ್ಕೆ ಆಡಿಸುತ್ತದೆ. ಡಾಲ್ಫಿನ್ ಮೇಲೆ ಕೆಳಗೆ ಆಡಿಸುತ್ತದೆ, ಓಡುವ ನಾಯಿಯ ಬೆನ್ನು ಬಾಗಿ ನಿಮಿರುವ ಹಾಗೆ. ಈಜುರೆಕ್ಕೆಯ ಒಳಗೆ ತೋಳು, ಮಣಿಕಟ್ಟು, ಬೆರಳುಗಳ ಮೂಳೆಗಳಿವೆ. ಕಡಲಿನ ಹಾಲೂಡುವ ಪ್ರಾಣಿಗಳೆಲ್ಲ ಒಂದೇ ಮನೆಯಿಂದ ಬಂದವೂ ಅಲ್ಲ. ಸೀಲ್, ಕಡಲಸಿಂಹ, ವಾಲ್ರಸ್‌ಗಳು ಕರಡಿ, ನೀರುನಾಯಿಗಳಿರುವ ಮಾಂಸಾಹಾರಿ ಕುಲದವು, ಹೆರಲು ಇಂದಿಗೂ ನೆಲಕ್ಕೋ ಹಿಮಕ್ಕೋ ಬರುತ್ತವೆ. ಕಡಲಹುಲ್ಲು ಮೇಯುವ ಡುಗಾಂಗ್, ಅಂದರೆ ಕಡಲಹಸು, ಆನೆಯ ನೆಂಟ. 2022ರಲ್ಲಿ ತಮಿಳುನಾಡು ಸರಕಾರ ಪಾಕ್ ಕೊಲ್ಲಿಯಲ್ಲಿ 448 ಚದರ ಕಿ.ಮೀ. ಪ್ರದೇಶವನ್ನು ಅದಕ್ಕಾಗಿಯೇ ಕಾಯ್ದಿರಿಸಿತು. ಬೇರೆಬೇರೆ ಕಾಲದಲ್ಲಿ ಬೇರೆಬೇರೆ ಕುಲಗಳು ನೀರಿಗಿಳಿದು ಮೈ ಬದಲಿಸಿಕೊಂಡವು. ಉಸಿರನ್ನು ಮಾತ್ರ ಯಾವುದೂ ಬದಲಿಸಲಿಲ್ಲ.

ಹಾಗಾಗಿಯೇ ‘ಕರು’ ಎಂಬ ಪದಕ್ಕಾಗಿ ನಾನು ಜಗಳ ಮಾಡಿದ್ದು. ಮುಂಬಯಿಯ ನೀರಿನಲ್ಲಿಯೂ ಕಾರವಾರದ ದ್ವೀಪಗಳ ಸುತ್ತಲೂ ಕಾಣುವ ಹಂಪ್‌ಬ್ಯಾಕ್ ಡಾಲ್ಫಿನ್ ಸುಮಾರು ಒಂದು ವರ್ಷ ಬಸಿರು ಹೊತ್ತು ಒಂದೇ ಕರು ಹಾಕುತ್ತದೆ, ಬಹುಕಾಲ ಹಾಲೂಡಿಸುತ್ತದೆ. ಬಂಗುಡೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ‘ಮರಿಮೀನು’ ಎಂದರೆ ಓದುವವನಿಗೆ ಬಂಗುಡೆಯ ಲೆಕ್ಕ ನೆನಪಾಗುತ್ತದೆ, ಒಂದು ಹೋದರೆ ಹತ್ತು ಬರುತ್ತವೆ ಎನಿಸುತ್ತದೆ. ‘ಕರು’ ಎಂದರೆ ಕೊಟ್ಟಿಗೆ ನೆನಪಾಗುತ್ತದೆ. ಈ ಡಾಲ್ಫಿನ್ ಅಳಿವಿನಂಚಿನ ಜೀವಿಗಳ ಜಾಗತಿಕ ಪಟ್ಟಿಯಲ್ಲಿದೆ. ಕೊಟ್ಟಿಗೆಯ ಲೆಕ್ಕವೇ ಅದಕ್ಕೆ ಸರಿ.

ಪದ ಬದಲಾದರೆ ಡಾಲ್ಫಿನ್ ಉಳಿಯುತ್ತದೆಯೇ? ಬಲೆ, ಹಡಗು, ನಮ್ಮ ಊರುಗಳ ಕೊಳಚೆ ಇವುಗಳ ಮುಂದೆ ಪದ ಸಣ್ಣದು. ಠಾಣೆ ಖಾಡಿ 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು, ಆದರೆ ಸೇತುವೆ ದಾಟುವಾಗ ಮೂಗು ಮುಚ್ಚಿಕೊಳ್ಳುವುದು ನಿಂತಿಲ್ಲ. ಇನ್ನೊಂದು ಮಾತನ್ನೂ ಒಪ್ಪುತ್ತೇನೆ: ಪಠ್ಯಪುಸ್ತಕಕ್ಕೆ ಎಲ್ಲ ಕಡೆ ಒಂದೇ ಪಾರಿಭಾಷಿಕ ಪದ ಬೇಕು. ಪರೀಕ್ಷೆಗೆ ಮಕ್ಕಳು ‘ವಾಯುರಂಧ್ರ’ ಕಲಿಯಲಿ. ಆದರೆ ಮರಳಿನ ಮೇಲೆ ಜೀವವೊಂದು ಏದುಸಿರು ಬಿಡುತ್ತಿರುವಾಗ ಓದಬೇಕಾದ ಕಾಗದದಲ್ಲಿ ‘ಮೂಗು’ ಎಂದಿರಲಿ. ಮೂಗು ಎಂದರೆ ಏನು ಮಾಡಬಾರದು ಎಂದು ಯಾರಿಗೂ ವಿವರಿಸಬೇಕಿಲ್ಲ.

ಈ ಪತ್ರ ಓದುವವರಲ್ಲಿ ಮೇಷ್ಟ್ರುಗಳಿದ್ದೀರಿ, ಪತ್ರಕರ್ತರಿದ್ದೀರಿ, ನನ್ನಂಥ ಅನುವಾದಕರಿದ್ದೀರಿ. ಮೂರು ಕೋರಿಕೆ. ಡಾಲ್ಫಿನ್, ತಿಮಿಂಗಿಲಗಳ ಮುಂದೆ ‘ಮೀನು’ ಬರೆಯಬೇಡಿ. ಮರಿಯನ್ನು ‘ಕರು’ ಎನ್ನಿ. ಜನರಿಗೆ ಸೂಚನೆ ಬರೆಯುವಾಗ ‘ಮೂಗು’ ಎನ್ನಿ.

ಉಳಿದದ್ದನ್ನು ನೆನಪಿಡುವುದು ಸುಲಭ. ನೆರಳು ಮಾಡಿ, ಮೈಗೆ ಒದ್ದೆ ಬಟ್ಟೆ ಹಾಕಿ, ಬಾಲ ಹಿಡಿದು ಎಳೆಯಬೇಡಿ, ಜನರನ್ನು ದೂರ ನಿಲ್ಲಿಸಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಮೂಗಿಗೆ ನೀರು ಹೊಯ್ಯಬೇಡಿ.

ನಿಮ್ಮ ಕರಾವಳಿಯಲ್ಲಿ ಈ ಪ್ರಾಣಿಗಳಿಗೆ ಬೇರೆ ಹೆಸರುಗಳಿದ್ದರೆ ಈ ಮೇಲ್‌ಗೆ ಉತ್ತರವಾಗಿ ಬರೆದು ಕಳಿಸಿ. ಅಮ್ಮನಿಗೂ ಓದಿ ಹೇಳುತ್ತೇನೆ.